ಗಾಜಿನ ಒಳಮೈಯ ಮಂಜು

ಈ ಮೀನು ನನ್ನನ್ನು ನೋಡುತ್ತಿದೆಯೋ ಗಾಜಿನಲ್ಲಿ ಕಾಣುವ ತನ್ನದೇ ಮುಖವನ್ನೋ, ಅಂಗಡಿಯ ಬಾಗಿಲ ಪಕ್ಕದ ತೊಟ್ಟಿಯಲ್ಲಿ ಒಂದೇ ಕಡೆ ನಿಂತು ಬಾಯಿ ತೆರೆದು, ಮುಚ್ಚಿ, ತೆರೆದು, ಬೆಳಿಗ್ಗೆ ನಮ್ಮ ಮನೆಯವೂ ಹೀಗೇ ಬಾಯಿ ಬಿಡುತ್ತಿದ್ದವು, ಆದರೆ ಅವು ನೀರಿನ ಮೇಲಕ್ಕೆ ಬಂದು ಗುಂಪಾಗಿ ಗಾಳಿ ಕಚ್ಚುತ್ತಿದ್ದವು, ಹಸಿವೆ ಇರಬೇಕು ಅಂದುಕೊಂಡು ಒಂದು ಚಿಟಿಕೆ ಆಹಾರ ಉದುರಿಸಿದೆ, ಒಂದೂ ಮೂಸಲಿಲ್ಲ, ಆಗ ಗಾಜಿನ ಮೇಲೆ ಅಂಗೈ ಇಟ್ಟೆ, ಆಗಷ್ಟೇ ಚಹಾ ಕುಡಿದಿಟ್ಟ ಲೋಟದ ಹಾಗೆ ಬೆಚ್ಚಗಿತ್ತು. ತೊಟ್ಟಿ ಎಷ್ಟು ಲೀಟರ್ ಅಕ್ಕ ಎಂದು ಅಂಗಡಿಯಾಕೆ ಕೇಳುತ್ತಿದ್ದಾಳೆ, ನೂರು ಅಂದೆ, ಅವಳ ಕನ್ನಡಕ ಮೂಗಿನ ತುದಿಗೆ ಜಾರಿದೆ, ಬಲಗಡೆಯ ಸ್ಕ್ರೂ ಸಡಿಲ, ಅರ್ಧ ಸುತ್ತು ಬಿಗಿ ಮಾಡಿದರೆ ಸಾಕು, ಇಡೀ ದಿನ ಬೇರೆಯವರ ಕನ್ನಡಕ ಸರಿಮಾಡುವ ಕೈ, ಸುಮ್ಮನಿರಲು ಆಗುವುದಿಲ್ಲ. ಈಗ ಹಾಕಿರೋ ಹೀಟರ್ ಎಷ್ಟು ವಾಟಿನದು, ಮುನ್ನೂರು, ಅವಳು ಕಣ್ಣರಳಿಸಿದಳು, ಮೀನು ಸಾಕ್ತಿದೀರೋ ಬೇಯಿಸ್ತಿದೀರೋ, ನಮ್ಮನೆಯವರು ತಂದಿದ್ದು ಅಂದೆ, ದೊಡ್ಡದಿದ್ರೆ ಬೇಗ ಬಿಸಿ ಆಗುತ್ತೆ ಅಂತ, ಗಂಡಸರು ಎಲ್ಲಾದಕ್ಕೂ ಹಾಗೇ ಅನ್ಕೊಳ್ಳೋದು ಎಂದು ನಕ್ಕಳು, ನಾನೂ ನಕ್ಕೆ, ನಗುವಾಗಲೂ ಏನೋ ಮರೆತು ಬಂದವಳಂತೆ. ನೋಡಿ, ಲೀಟರಿಗೆ ಒಂದು ವಾಟ್ ಲೆಕ್ಕ, ಕೋಣೆ ತುಂಬ ತಣ್ಣಗಿದ್ರೆ ಸ್ವಲ್ಪ ಮೇಲೆ, ಆದ್ರೆ ನೂರರದು ಒಂದು ತಗೋಬೇಡಿ, ಐವತ್ತರದು ಎರಡು ತಗೊಳ್ಳಿ, ಒಂದು ಕೆಟ್ಟು ಆರದೇ ಉರೀತಾ ಕೂತ್ರೂ ಅದೊಂದೇ ಅಷ್ಟೂ ನೀರು ಕುದಿಸೋಕಾಗಲ್ಲ, ಸತ್ತುಹೋದ್ರೆ ಇನ್ನೊಂದು ಕಾಪಾಡುತ್ತೆ, ಮೀನಿಗೆ ನಾವೇನು ಸ್ವೆಟರ್ ಹಾಕೋಕಾಗುತ್ತಾ. ಸಣ್ಣದೊಂದು ಡಬ್ಬಿ ತೆಗೆದಳು, ಅದಕ್ಕೆ ಉದ್ದ ಬಾಲದಂಥ ತಂತಿ, ಬಾಲದ ತುದಿ ನೀರಲ್ಲಿ ಮುಳುಗಿರಬೇಕು, ಹೀಟರಿಗೆ ಕರೆಂಟು ಇದರ ಮೂಲಕವೇ ಹೋಗಬೇಕು, ಇಪ್ಪತ್ತಾರು ಡಿಗ್ರಿಗೆ ಸೆಟ್ ಮಾಡಿಟ್ರೆ ಮುಗೀತು, ಹೀಟರ್ ಒಳಗಿನ ಸ್ವಿಚ್ಚು ಅಂಟಿಕೊಂಡು ಬಿಡದೇ ಹೋದ್ರೂ ಇದು ಹೊರಗಿಂದ ಕಡಿಯುತ್ತೆ. ಮತ್ತೆ ಈ ಡಬ್ಬಿ ಕೆಟ್ರೆ ಅಂದೆ. ಅದಕ್ಕೇ ಗಾಜಿಗೆ ಬೇರೆ ಥರ್ಮಾಮೀಟರ್ ಅಂಟಿಸಿ, ದಿನಾ ಹೋಗ್ತಾ ಬರ್ತಾ ಕಣ್ಣು ಹಾಯಿಸಿ, ಯಂತ್ರ ಎಷ್ಟಿದ್ರೂ ಕೊನೆಗೆ ಕಾಯೋರು ನೀವೇ.

ಹಳೇದು ಹೇಗೆ ಕೆಟ್ಟಿತು ಎಂದು ಕೇಳಿದಳು, ಹೊಸದನ್ನು ಕಾಗದದಲ್ಲಿ ಸುತ್ತುತ್ತ, ಸುಮ್ಮನೆ ಮಾತಿಗೆ. ಕೆಂಪು ದೀಪ ಆರುತ್ತಲೇ ಇಲ್ಲ, ಅಂದೆ, ಆಮೇಲೆ ಅದರ ಗಾಜಿನ ಕೊಳವೆಗೆ ಮಂಜು ಹಿಡಿದಿದೆ, ತೊಟ್ಟಿಯ ಗಾಜಿಗೆ ಹಿಡಿದಿದ್ದು ಅಂದ್ಕೊಂಡು ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ, ನೋಡಿದ್ರೆ ಕೊಳವೆಯ ಒಳಗಡೆ ಇತ್ತು. ಅವಳ ಕೈ ನಿಂತಿತು. ಒಳಗಡೆನಾ ಅಕ್ಕ, ಸರಿಯಾಗಿ ನೋಡಿದ್ರಾ. ನಾನು ಗಾಜು ನೋಡಿಯೇ ಅನ್ನ ತಿನ್ನುವವಳು, ಮಂಜು ಯಾವ ಮೈಯಲ್ಲಿದೆ ಎಂದು ತಿಳಿಯದೇ ಇದ್ದೀತೇ, ಒಳಗಡೆಯೇ, ಸಣ್ಣ ಹನಿಗಳಾಗಿ. ಹಾಗಾದ್ರೆ ಕೊಳವೆ ಬಿರುಕು ಬಿಟ್ಟಿದೆ, ನೀರು ಒಳಗೆ ಹೋಗಿದೆ, ನೀರು ಒಳಗೆ ಹೋದ್ರೆ ಕರೆಂಟು ಹೊರಗೆ ಬರುತ್ತೆ, ಆಫ್ ಮಾಡಿ ಬಂದಿದೀರಿ ತಾನೇ. ಮಾಡಿದ್ದೀನಿ. ನೀರಿಗೆ ಯಾರೂ ಕೈ ಹಾಕಲ್ಲ ತಾನೇ.

ಮಾವ. ಮಾವ ಹಾಕುತ್ತಾರೆ, ದಿನವೂ ಹಾಕುತ್ತಾರೆ, ಎದ್ದ ಮೇಲೆ ಮೊದಲ ಕೆಲಸವೇ ಅದು, ಎಡಗೈಯಿಂದ ಬಲಗೈಯನ್ನು ಎತ್ತಿ, ತನ್ನದಲ್ಲದ ಒಂದು ವಸ್ತುವಿನ ಹಾಗೆ ಎತ್ತಿ, ನೀರಿಗೆ ಇಳಿಬಿಡುತ್ತಾರೆ, ಮೆದುಳಿನಲ್ಲಿ ರಕ್ತ ಕಟ್ಟಿದ ಮೇಲೆ ಆ ಕೈಗೆ ಬಿಸಿಯಿಲ್ಲ ತಂಪಿಲ್ಲ ನೋವಿಲ್ಲ, ಆದರೆ ಮೀನುಗಳು ಬಂದು ಬೆರಳಿಗೆ ಬಾಯಿ ಹಾಕಿದಾಗ ಮಾತ್ರ ಏನೋ ಗೊತ್ತಾಗುತ್ತದಂತೆ, ಕಚಗುಳಿ, ಎನ್ನುತ್ತಾರೆ, ಉಳಿದಿರುವ ಕೆಲವೇ ಮಾತುಗಳಲ್ಲಿ ಅದೊಂದು, ನಗರಸಭೆಯ ಈಜುಕೊಳದ ದಡದಲ್ಲಿ ನಿಂತು ಊರಿನ ಮಕ್ಕಳಿಗೆಲ್ಲ ಉಸಿರು ಹಿಡಿ, ಉಸಿರು ಬಿಡು ಎಂದು ಕೂಗಿದ ಗಂಟಲು, ಈಗ ಕಚಗುಳಿ, ಬೇಡ, ತಾಯಿ, ಅಷ್ಟೇ. ವ್ಯಾಯಾಮ ಮಾಡಿಸುವವರು ಬಿಡಿಸಬೇಡಿ ಎಂದಿದ್ದರು, ಆ ಕೈಗೆ ಅದೇ ಔಷಧಿ. ನಾನು ಹೊರಟಾಗ ಮಲಗಿದ್ದರು, ಎಬ್ಬಿಸಲಿಲ್ಲ, ಅರ್ಧ ದಿನ ರಜೆ ಹಾಕಿದ್ದೇನೆ, ಬೇಗ ಹೋಗಿ ಬೇಗ ಬಂದರಾಯಿತು ಎಂದು. ಆಫ್ ಮಾಡಿದ್ದೇನೆ, ಮಾಡಿದ್ದೇನಲ್ಲ, ತೊಟ್ಟಿಯ ಹಿಂದೆ ಕೈ ತೂರಿಸಿ, ಧೂಳು, ಸ್ವಿಚ್ಚು ಟಕ್ ಎಂದದ್ದು ಬೆರಳಿಗೆ ನೆನಪಿದೆ — ಆದರೆ ಅಲ್ಲಿ ಎರಡಿವೆ, ಒಂದು ಹೀಟರಿನದು, ಇನ್ನೊಂದು ಗುಳ್ಳೆ ಬಿಡುವ ಮೋಟರಿನದು, ಎರಡೂ ವೈರು ಕಪ್ಪು, ಎರಡೂ ಒಂದರ ಮೇಲೊಂದು ಸುತ್ತಿಕೊಂಡು, ನಾನು ನೋಡಿ ಆರಿಸಿದೆನೋ ತಡವಿ ಆರಿಸಿದೆನೋ.

ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಮಾವ ಎತ್ತುತ್ತಿಲ್ಲ, ಎತ್ತುವುದೇ ಇಲ್ಲ ಅವರು, ಮಾತು ಹೋದ ಮೇಲೆ ಫೋನು ಮುಟ್ಟುವುದಿಲ್ಲ, ಅದು ಗೊತ್ತಿದ್ದೂ ಹೊಡೆಯುತ್ತಿದ್ದೇನೆ. ನಮ್ಮನೆಯವರಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ, ಯಾವುದೋ ಕಟ್ಟಡದ ಲಿಫ್ಟಿನ ಬಾವಿಯೊಳಗೆ ಇಳಿದಿರುತ್ತಾರೆ, ಸ್ಪ್ಯಾನರ್ ಹಿಡಿದು. ಮೇಲಿನ ಮನೆಯ ಟೀಚರು ಶಾಲೆಯಲ್ಲಿ. ಅಕ್ಕ, ತಗೊಂಡು ಹೋಗಿ, ದುಡ್ಡು ಆಮೇಲೆ, ಮೊದಲು ಹೋಗಿ, ಎಂದು ಅಂಗಡಿಯಾಕೆ ಚೀಲವನ್ನು ಕೈಗೆ ತುರುಕಿದಳು, ಅವಳ ಮುಖದಲ್ಲಿ ನಗು ಉಳಿದಿರಲಿಲ್ಲ, ಅದನ್ನು ನೋಡಿ ಬಾಗಿಲ ಕಡೆ ತಿರುಗಿದೆ. ಬಸ್ಸು, ಕಿಟಕಿಯ ಪಕ್ಕ, ಚೀಲ ಮಡಿಲಲ್ಲಿ, ಈ ಬಸ್ಸು ಯಾಕೆ ಎಲ್ಲ ಕಡೆ ನಿಲ್ಲಬೇಕು, ಒಬ್ಬ ಮುದುಕಿ ಇಳಿಯಲು ಇಷ್ಟು ಹೊತ್ತೇ, ಥೂ, ಅವಳೂ ಯಾರದೋ ಅತ್ತೆ. ನೆನಪು ಮಾಡಿಕೋ, ಸರಿಯಾಗಿ ನೆನಪು ಮಾಡಿಕೋ, ಟಕ್ ಎಂದ ಮೇಲೆ ಏನಾಯಿತು, ಕೈ ಒರೆಸಿಕೊಂಡೆ, ಕೈಚೀಲ ತೆಗೆದುಕೊಂಡೆ, ಚಪ್ಪಲಿ, ಬಾಗಿಲು, ಗುಳ್ಳೆಯ ಸದ್ದು ಇತ್ತೋ ಇರಲಿಲ್ಲವೋ, ಇದ್ದರೆ ಮೋಟರು ಓಡುತ್ತಿತ್ತು, ಅಂದರೆ ಆರಿಸಿದ್ದು ಹೀಟರನ್ನೇ, ದೇವರೇ ಇದ್ದಿರಲಿ, ಆದರೆ ಆ ಸದ್ದು ಯಾವಾಗಲೂ ಇರುವ ಸದ್ದು, ಗಡಿಯಾರದ ಹಾಗೆ, ಕಿವಿ ಅದನ್ನು ಎಣಿಸುವುದೇ ಇಲ್ಲ, ಇದ್ದದ್ದು ಹೇಗೆ ನೆನಪಿರಬೇಕು. ಬಾಗಿಲು ಎಳೆದೆ, ಬೀಗದ ಕೈ ತಿರುಗಿಸಿದೆ, ಕರ್ ಎಂದಿತು, ಎಣ್ಣೆ ಬಿಡಬೇಕು ಅಂದುಕೊಂಡೆ — ಅಂದುಕೊಂಡೆ, ಹೌದು, ಎಣ್ಣೆ ಬಿಡಬೇಕು ಎಂದು ಇವತ್ತು ಅಂದುಕೊಂಡೆ, ಈ ಮನೆಗೆ ಬಂದಾಗಿನಿಂದ ಅದೇ ಬೀಗ ತಿರುಗಿಸುತ್ತಿದ್ದೇನೆ, ಅದು ಕರ್ ಎನ್ನುವುದು ಇವತ್ತೇ ಕೇಳಿಸಿದ್ದು, ಯಾಕೆಂದರೆ ಮನೆ ಅಷ್ಟು ನಿಶ್ಶಬ್ದವಾಗಿತ್ತು. ಗುಳ್ಳೆ ಇರಲಿಲ್ಲ. ನಾನು ಆರಿಸಿದ್ದು ಮೋಟರನ್ನು. ಏನಮ್ಮ, ಮೈ ಹುಷಾರಿಲ್ವಾ, ಎಂದು ಪಕ್ಕದಲ್ಲಿ ಕೂತವಳು ಕೇಳುತ್ತಿದ್ದಾಳೆ, ಬೆವೆತಿದೀಯಲ್ಲ, ನೀರು ಕುಡೀತೀಯಾ, ಬಾಟಲಿ ಮುಂದೆ ಹಿಡಿದಿದ್ದಾಳೆ, ಅದರೊಳಗಿನ ನೀರು ಕುಲುಕುತ್ತಿದೆ, ಬೇಡ ಅಂದೆ, ಬೇಡ, ಮಾವನ ಧ್ವನಿಯಲ್ಲೇ ಬಂತು, ಅರ್ಧ ನಾಲಿಗೆಯಲ್ಲಿ.

ನಿಲ್ದಾಣದಿಂದ ಓಡಿದೆ, ಈ ವಯಸ್ಸಿಗೆ ಬೀದಿಯಲ್ಲಿ ಓಡುವ ಹೆಂಗಸನ್ನು ಜನ ನೋಡುತ್ತಾರೆ, ನೋಡಲಿ, ಕಲ್ಲಂಗಡಿ ಗಾಡಿ, ಸೈಕಲ್ ರಿಪೇರಿ, ತಿರುವು, ಮೆಟ್ಟಿಲು, ಬೀಗದ ಕೈ ಸೇರುವುದಿಲ್ಲ, ಸೇರಿತು, ಕರ್ ಎಂದಿತು. ಒಳಗೆ ಕಾಲಿಟ್ಟೆ. ಮಾವ ನಿಂತಿದ್ದಾರೆ. ನಿಂತಿದ್ದಾರೆ, ಅಂದರೆ ಬದುಕಿದ್ದಾರೆ, ನನ್ನ ಕಡೆ ಬೆನ್ನು, ಕಾಲ ಬಳಿ ನೀಲಿ ಬಕೆಟ್ಟು, ಅದರಲ್ಲಿ ಮೀನು, ಬಲಗೈ ಪಕ್ಕಕ್ಕೆ ಜೋತಿದೆ, ಒದ್ದೆಯೇ ಆಗಿಲ್ಲ, ಎಡಗೈಯಲ್ಲಿ ಸ್ಟೀಲ್ ಲೋಟ. ಬೆಳಗಿನ ಬಿಸಿಲು ಲೋಟದ ಮೇಲೆ ಬಿದ್ದು ಮಿರುಗುತ್ತಿದೆ, ಲೋಟ ಎತ್ತಿದ್ದಾರೆ, ಅದರಲ್ಲೊಂದು ಬಾಲ ಒದ್ದಾಡುತ್ತಿದೆ, ಬಕೆಟ್ಟಿಗೆ ಸುರಿದರು, ಮತ್ತೆ ಲೋಟ ತೊಟ್ಟಿಯ ಮೇಲೆ, ಮತ್ತೆ ಕೆಳಗೆ ಇಳಿಯುತ್ತಿದೆ, ಆಚೆ ಗಾಜಿನ ಕೊಳವೆಯಲ್ಲಿ ಕೆಂಪು ದೀಪ ಉರಿಯುತ್ತಲೇ ಇದೆ. ಮಾವ ಎಂದು ಕರೆಯಲು ಬಾಯಿ ತೆರೆದೆ, ಮುಚ್ಚಿದೆ, ಕರೆದರೆ ತಿರುಗುತ್ತಾರೆ, ತಿರುಗುವಾಗ ಯಾವಾಗಲೂ ಏನಕ್ಕಾದರೂ ಒರಗುತ್ತಾರೆ, ಹತ್ತಿರ ಇರುವುದು ಕಬ್ಬಿಣದ ಸ್ಟ್ಯಾಂಡು, ಒಂದು ಕೈ ನೀರಿನಲ್ಲಿ, ಮೈ ಕಬ್ಬಿಣಕ್ಕೆ ತಾಗಿ, ಬೇಡ, ಉಸಿರು ಹಿಡಿ, ಉಸಿರು ಹಿಡಿದು ನಡಿ, ಮೇನ್ ಸ್ವಿಚ್ಚು ಬಾಗಿಲ ಪಕ್ಕದಲ್ಲೇ, ಚಪ್ಪಲಿ ಗೂಡಿನ ಮೇಲೆ, ಎರಡು ಹೆಜ್ಜೆ, ಕಣ್ಣು ಲೋಟದ ಮೇಲಿಂದ ಕದಲುತ್ತಿಲ್ಲ, ಲೋಟದ ಅಂಚು ನೀರಿಗೆ ಮುಟ್ಟಿತು, ಮುಳುಗಿತು, ನಾನು ಕೆಳಗೆ ಎಳೆದೆ. ಫ್ರಿಜ್ಜು ನಿಂತಿತು, ಫ್ಯಾನು ನಿಧಾನವಾಯಿತು, ಕೆಂಪು ದೀಪ ಹೋಯಿತು. ಮಾವ ಆಗ ತಿರುಗಿದರು, ಸ್ಟ್ಯಾಂಡಿಗೇ ಒರಗಿಕೊಂಡು, ಮುಖದ ತುಂಬ ಬೆವರು, ತಾಯಿ, ಎಂದರು, ಆಮೇಲೆ ಬಾಯಿ ತುಂಬ ಹೊತ್ತು ಮಾತು ಹುಡುಕಿತು, ಬಿಸಿ, ನೀರು ಬಿಸಿ, ಇನ್ಸ್‌ಪೆಕ್ಟರ್ ಸಿಕ್ತಾ ಇಲ್ಲ, ಇಷ್ಟು ತಿಂಗಳಲ್ಲಿ ಅವರು ಆಡಿದ ಅತ್ಯಂತ ಉದ್ದದ ಮಾತು. ಇನ್ಸ್‌ಪೆಕ್ಟರ್ ಎಂದರೆ ದೊಡ್ಡ ಮೀನು, ಮೀಸೆಯಿರುವುದು, ಅವರೇ ಇಟ್ಟ ಹೆಸರು, ಅದು ಗಿಡದ ಹಿಂದೆ ಮಗ್ಗುಲಾಗಿ ಬಿದ್ದಿತ್ತು, ನಾನು ಹೇಳಲಿಲ್ಲ, ಅವರ ಕೈಯಿಂದ ಲೋಟ ಬಿಡಿಸಿಕೊಂಡು ನೆಲದ ಮೇಲೆ ಕೂತುಬಿಟ್ಟೆ, ಅಳು ಬರಲಿಲ್ಲ, ಮಾವ ಎಡಗೈಯನ್ನು ನನ್ನ ತಲೆಯ ಮೇಲಿಟ್ಟು ನಿಂತೇ ಇದ್ದರು, ಹೆದರಿದ್ದು ನಾನೇಕೆ ಎಂದು ಅವರಿಗೆ ತಿಳಿಯಲಿಲ್ಲ, ಮೀನಿಗೋಸ್ಕರ ಎಂದುಕೊಂಡಿರಬೇಕು.

ಸಂಜೆ ಇವರು ಬಂದು ಎಲ್ಲ ಕೇಳಿ ನಕ್ಕರು, ಅಷ್ಟೆಲ್ಲ ಏನೂ ಆಗಿರಲ್ಲ ಕಣೇ, ನೀನು ಸುಮ್ನೆ ಗಾಬರಿ ಬೀಳ್ತೀಯ, ತಡಿ ತೋರಿಸ್ತೀನಿ, ಯಾರೂ ಹತ್ತಿರ ಬರಬೇಡಿ ಎಂದು ತಾವೇ ಮೇನ್ ಹಾಕಿ ಬಂದು, ಟೆಸ್ಟರಿನ ತುದಿಯನ್ನು ನೀರಿಗೆ ಮುಟ್ಟಿಸಿದರು, ಅದರ ಹಿಡಿಯೊಳಗೆ ದೀಪ ಹತ್ತಿತು. ಇವರ ನಗು ಮುಖದ ಮೇಲೆಯೇ ಇತ್ತು, ಹಿಂದೆ ಏನೂ ಇರಲಿಲ್ಲ. ಮೇನ್ ಆರಿಸಿ ಬಂದು ಅಪ್ಪನ ಕಾಲನ್ನೇ ನೋಡುತ್ತ ನಿಂತರು, ಜಾರದಿರಲೆಂದು ನಾನು ಮನೆಯೊಳಗೂ ಹಾಕಿಸುವ ದಪ್ಪ ರಬ್ಬರ್ ಚಪ್ಪಲಿ, ಮಾವ ಬೇಡ ಬೇಡ ಎಂದು ದಿನವೂ ತಕರಾರು ತೆಗೆಯುವ ಚಪ್ಪಲಿ. ಆ ರಬ್ಬರು ಇತ್ತಲ್ಲ, ಕರೆಂಟು ನೆಲಕ್ಕೆ ಇಳೀಲಿಲ್ಲ, ಎಂದರು ಇವರು ನನಗಷ್ಟೇ ಕೇಳುವಂತೆ, ಆದರೂ ಆ ಸ್ಟ್ಯಾಂಡು ತಾಗಿದ್ದಿದ್ರೆ, ಎನ್ನುತ್ತ ಹಳೆಯ ಹೀಟರಿನ ಪ್ಲಗ್ಗು ಕಿತ್ತರು. ಈಗ ಎಲ್ಲ ಸರಿಯಾಗಿದೆ, ನೀರು ಬದಲಾಯಿಸಿದ್ದಾಯಿತು, ಎರಡು ಸಣ್ಣ ಹೀಟರು ಎರಡು ಮೂಲೆಗೆ, ಬಾಲದ ಡಬ್ಬಿ ಗೋಡೆಗೆ, ಗಾಜಿಗೆ ಥರ್ಮಾಮೀಟರು, ಹೀಟರಿನ ವೈರಿಗೆ ಕೆಂಪು ಟೇಪು, ಕೈ ಹಾಕುವ ಮೊದಲು ಎರಡನ್ನೂ ಆರಿಸಬೇಕೆಂದು ಮಾವನಿಗೆ ತೋರಿಸಿಕೊಟ್ಟಾಯಿತು, ತಲೆಯಾಡಿಸಿದ್ದಾರೆ, ಇಪ್ಪತ್ತಾರು, ಡಬ್ಬಿಯೂ ಇಪ್ಪತ್ತಾರು ಎನ್ನುತ್ತದೆ ಥರ್ಮಾಮೀಟರೂ ಇಪ್ಪತ್ತಾರು ಎನ್ನುತ್ತದೆ, ಉಳಿದ ಮೀನುಗಳು ಮೇಲೆ ಬರುತ್ತಿಲ್ಲ, ಗುಳ್ಳೆಯ ಸದ್ದು ಕೇಳುತ್ತಿದೆ, ಈಗ ಅದು ಬಿಡದೆ ಕೇಳುತ್ತದೆ, ನಿಲ್ಲುತ್ತದೇನೋ ಎಂದು ಕಿವಿ ಅದರ ಮೇಲೇ ಇದೆ. ಊಟಕ್ಕೆ ಬಾರೇ ಎನ್ನುತ್ತಿದ್ದಾರೆ ಇವರು, ಬಂದೆ ಎಂದೆ, ತಟ್ಟೆ ಇಟ್ಟಿದ್ದಾರೆ, ಎಲ್ಲರೂ ಇದ್ದಾರೆ, ಮಾವ ಕೂತಿದ್ದಾರೆ, ಎಡಗೈ ಮೇಜಿನ ಮೇಲಿದೆ, ನೋಡು, ಅಲ್ಲೇ ಇದೆ, ಬರಿಗೈ, ಆದರೂ ಕಣ್ಣೊಳಗೆ ಲೋಟ ಇಳಿಯುತ್ತಿದೆ, ಬಿಸಿಲಿಗೆ ಮಿರುಗುತ್ತ ಇಳಿಯುತ್ತಿದೆ, ನಾನು ಇನ್ನೂ ಸ್ವಿಚ್ಚಿನ ಹತ್ತಿರ ಹೋಗಿಲ್ಲ, ಲೋಟ ಇಳಿಯುತ್ತಿದೆ, ಅದರ ಅಂಚು, ನೀರು, ಅಂಚು