ಚಿನ್ನದ ಹೊಳಪು ಬಿಳಿಯಲ್ಲ

ಬಣ್ಣ ಹಚ್ಚಲೆಂದು ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಸಾಲಾಗಿ ಇಡುತ್ತಿದ್ದೆ. ಎದುರಿಗೆ ಶಂಭಣ್ಣ ಕುಳಿತಿದ್ದ. ಅವನು ದೊಡ್ಡಮ್ಮನ ಮಗ, ಇಂಜಿನಿಯರಿಂಗ್ ಕೊನೆಯ ವರ್ಷ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬಂಟ್ವಾಳ ಪೇಟೆಯ ಸುಬ್ಬಪ್ಪಣ್ಣನ ಸ್ಟುಡಿಯೋದಲ್ಲಿ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಾಕುತ್ತಿದ್ದೆ. ಮದುವೆಯ ಮಾತಿಗೆಂದು ಫೋಟೋ ತೆಗೆಸುವ ಹುಡುಗಿಯರು ಹೆಚ್ಚಾಗಿ ಗಿಲೀಟಿನ ಸರ ಹಾಕಿ ಬರುತ್ತಾರೆ. ಅದನ್ನು ಚಿನ್ನ ಮಾಡುವುದು ನನ್ನ ಕೆಲಸ.

ಶಂಭಣ್ಣ ಕಂಪ್ಯೂಟರ್ ಪರದೆಯ ಒಂದು ಫೋಟೋ ಮುಂದಿಟ್ಟ. ಅದರಲ್ಲೊಂದು ಬಳೆ.

“ಚಿನ್ನದ್ದು ಅಂತ ಮಾಡಿದ್ದು. ನಮ್ಮ ಸರ್ ನೋಡಿ ಪ್ಲಾಸ್ಟಿಕ್ಕಾ ಅಂತ ಕೇಳಿದ್ರು ಮಾರಾಯ್ತಿ.”

“ಹೊಳಪಿಗೆ ಬಿಳಿ ಹಾಕಿದ್ದಿ. ಬಿಳಿ ಹೊಳಪು ಪ್ಲಾಸ್ಟಿಕ್ಕಿಗೆ. ಚಿನ್ನದ ಹೊಳಪಿಗೂ ಚಿನ್ನದ್ದೇ ಬಣ್ಣ.”

ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡ. “ಇನ್ನೊಂದು ತೊಂದರೆ ಉಂಟು. ಪರದೆಯ ಮೇಲೆ ಬಳೆ ತಿರುಗಬೇಕು. ಚುಕ್ಕಿ ಚುಕ್ಕಿಗೂ ಬೆಳಕಿನ ಲೆಕ್ಕ ಹಾಕಿ ಒಂದು ಚಿತ್ರ ಬರುವಾಗ ನಾಲ್ಕು ನಿಮಿಷ. ತಿರುಗಲಿಕ್ಕೆ ಅಂಥ ಚಿತ್ರ ಎಷ್ಟೋ ಬೇಕು.”

“ನಾನು ಲೆಕ್ಕ ಹಾಕ್ತೇನಾ? ಬೆಳಿಗ್ಗೆಯೇ ಚಿನ್ನಕ್ಕೆ ಎಂಟು ಬಣ್ಣ ಕಲಸಿ ಸಾಲಾಗಿ ಇಡ್ತೇನೆ. ಬೆಳಕಿಗೆ ಎದುರಾದ ಕಡೆಗೆ ಮೊದಲಿನದ್ದು, ವಾರೆಯಾದ ಹಾಗೆ ಮುಂದಿನದ್ದು. ನೋಡುವುದು, ಹಚ್ಚುವುದು.”

ಮತ್ತೆ ಮೂರು ಭಾನುವಾರ ಬಂದ. ಚಿನ್ನ, ರೇಷ್ಮೆ, ಹಿತ್ತಾಳೆ, ಒದ್ದೆ ಕಲ್ಲು, ಎಲ್ಲದರ ಬಣ್ಣದ ಸಾಲನ್ನೂ ಕಾಗದದ ಮೇಲೆ ಹಚ್ಚಿಸಿಕೊಂಡು ಹೋದ. “ಇದನ್ನು ಪ್ರದರ್ಶನಕ್ಕೆ ಇಡುವಾಗ ಬೋರ್ಡಿನಲ್ಲಿ ನಿನ್ನ ಹೆಸರೂ ಹಾಕ್ತೇನೆ” ಎಂದ. ನಾನು ಕೇಳಿರಲಿಲ್ಲ.

ಆ ತಿಂಗಳಲ್ಲೇ ಸುಬ್ಬಪ್ಪಣ್ಣ ಹೇಳಿದರು: “ದೀಪಾವಳಿ ಕಳೆದ ಮೇಲೆ ಕೆಲಸ ಇಲ್ಲ ಲೋಲಾಕ್ಷಿ. ಎಲ್ಲರಿಗೂ ಕಲರ್ ಫಿಲಂ ಬೇಕು. ಆ ಪ್ರದರ್ಶನದ ಬೋರ್ಡಿನಲ್ಲಿ ನಿನ್ನ ಹೆಸರು ಬೀಳಲಿ, ಅದರದ್ದೊಂದು ಫೋಟೋ ತೆಗೆದು ಮಂಗಳೂರಿನ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ತೋರಿಸಿ ಕೆಲಸ ಕೇಳುವ. ನಿನ್ನ ಹತ್ತಿರ ಬೇರೆ ಸರ್ಟಿಫಿಕೇಟ್ ಎಲ್ಲುಂಟು?”

ಪ್ರದರ್ಶನ ಮೂಡಬಿದಿರೆಯಲ್ಲಿ. ಸುಬ್ಬಪ್ಪಣ್ಣನ ಕ್ಯಾಮೆರಾ ಕೇಳಿ ತಂದು, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋದೆ. ಪರದೆಯ ಮೇಲೆ ಬಳೆ ನಿಲ್ಲದೆ ತಿರುಗುತ್ತಿತ್ತು. ಚಿನ್ನವೇ. ಮೂರನೆಯ ಬಣ್ಣದಲ್ಲಿ ಹಸಿರು ತುಸು ಹೆಚ್ಚಾಗಿತ್ತು. ಆ ದಿನ ಕಲಸುವಾಗ ನನ್ನ ಕೈ ತಪ್ಪಿದ್ದು. ಅದನ್ನೂ ಹಾಗೆಯೇ ಇಳಿಸಿದ್ದ. ಪಕ್ಕದ ಕಪ್ಪು ಹಲಗೆಯಲ್ಲಿ ಒಂದೇ ಹೆಸರಿತ್ತು, ಅವನದ್ದು.

“ಈ ಎಂಟು ಬಣ್ಣದ ಉಪಾಯ ಎಲ್ಲಿ ಸಿಕ್ಕಿತು?” ಎಂದು ಬಹುಮಾನ ಕೊಡಲು ಬಂದ ಮೇಷ್ಟ್ರು ಕೇಳಿದರು.

“ಚಿನ್ನದ ಅಂಗಡಿಯಲ್ಲಿ ಕೂತು ನೋಡಿ ನೋಡಿ ಹೊಳೆದದ್ದು ಸರ್.” ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು. “ಇವಳು ಚಿಕ್ಕಮ್ಮನ ಮಗಳು. ಕಂಪ್ಯೂಟರ್ ಅಂದರೆ ಸರ್ಕಸ್ ಅಂತ ಗ್ರಹಿಸಿ ಬಂದದ್ದು.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಹಲಗೆಯ ಅಂಚಿನಲ್ಲಿ ಸೀಮೆಸುಣ್ಣದ ತುಂಡೊಂದಿತ್ತು. ಅದನ್ನು ತೆಗೆದು ಅವನೆದುರು ಹಿಡಿದೆ. ಅವನು ಮೇಷ್ಟ್ರಿಗೆ ಪರದೆಯಲ್ಲಿ ರೇಷ್ಮೆ ತೋರಿಸಲು ಆ ಕಡೆ ತಿರುಗಿದ.

“ಶಂಭಣ್ಣ, ಅಡಿಯಲ್ಲಿ ನನ್ನ ಹೆಸರೂ ಬರಿ.”