ಛತ್ರಿಯ ವಿಚಾರಣೆ

ಎರಡನೆಯ ಸಲವೂ ಅದೇ ಕಪಾಟು ತೆರೆದ. ಹುಡುಕುತ್ತಿರುವವನಂತೆ ಕಾಣಿಸಬೇಕಿತ್ತು, ಅಷ್ಟೆ. ಆ ಟೇಪು ಅಲ್ಲಿಲ್ಲವೆಂದು ಬಾನುಲಿ ನಿರ್ಮಾಪಕನಿಗೆ ಗೊತ್ತಿತ್ತು.

ಬೆನ್ನ ಹಿಂದೆ, ಸ್ಟುಡಿಯೋದಲ್ಲಿ ಗಟ್ಟಿಯಾಗಿ ಉಳಿದಿದ್ದ ಒಂದೇ ಕುರ್ಚಿಯಲ್ಲಿ, ಗೆಳೆಯನ ಹೆಂಡತಿ ಕೂತಿದ್ದಳು. ಕೈಯಲ್ಲಿ ಗಂಡ ಆಸ್ಪತ್ರೆಯ ಹಾಸಿಗೆಯಿಂದ ಬರೆದುಕೊಟ್ಟ ಚೀಟಿ: ‘ಛತ್ರಿಯ ವಿಚಾರಣೆ. ನ್ಯಾಯಾಧೀಶನ ಮಾತು. ಮಗಳಿಗೆ.’

“ಸಿಗ್ತಾ?”

“ಇಲ್ಲೇ ಇರ್ಬೇಕು ಅತ್ತಿಗೆ. ಧೂಳು ಜಾಸ್ತಿ.”

“ನಿಧಾನಕ್ಕೆ ಹುಡುಕಿ. ತಡ ಆಯ್ತು ಅಂತ ಬಯ್ಯೋಕೂ ಅವ್ರಿಗೆ ಆಗಲ್ಲ ಈಗ.” ತಾನೇ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಗೆಳೆಯನ ಗಂಟಲು ಕೊಯ್ದು ಧ್ವನಿಪೆಟ್ಟಿಗೆ ತೆಗೆದು ಹದಿನೈದು ದಿನವಾಗಿತ್ತು. ಬಾನುಲಿಯಲ್ಲಿ ಎಲ್ಲರೂ ಅವನನ್ನು ‘ಗಂಟಲು’ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ನಿರ್ಮಾಪಕನೇ.

ಇಬ್ಬರೇ ಸೇರಿ ನಾಲ್ಕು ವರ್ಷ ವಾರಕ್ಕೊಂದು ಹಾಸ್ಯದ ಕಂತು ಮಾಡಿದ್ದರು. ಬರೆಯುವುದು ನಿರ್ಮಾಪಕ, ಎಲ್ಲ ಪಾತ್ರಗಳ ದನಿಯೂ ಗಂಟಲು. ನ್ಯಾಯಾಧೀಶ, ಛತ್ರಿ, ಛತ್ರಿಯ ತಾಯಿ. ಹೊಸ ಟೇಪಿಗೆ ಮಂಜೂರಾತಿ ಸಿಗುತ್ತಿರಲಿಲ್ಲ. ಪ್ರಸಾರವಾದ ಮರುದಿನ ಅದೇ ಟೇಪಿನ ಮೇಲೆ ಮುಂದಿನ ಕಂತು. ನಾಯಿ, ಕುದುರೆ, ಕುದಿಯುವ ನೀರು, ಇವನ್ನೂ ಗಂಟಲು ಬಾಯಲ್ಲೇ ಮಾಡುತ್ತಿದ್ದ. ಆ ಸದ್ದುಗಳನ್ನು ಮಾತ್ರ ನಿರ್ಮಾಪಕ ಬೇರೆಯಾಗಿ ಎತ್ತಿಟ್ಟಿದ್ದ. ಮತ್ತೆ ಮತ್ತೆ ಬೇಕಾಗುವಂಥವು.

“ಒಂದು ಕಂತಾದ್ರೂ ಇಟ್ಕೊಳ್ಳೋಣ ಕಣೋ,” ಎಂದು ಗಂಟಲು ಒಮ್ಮೆ ಕೇಳಿದ್ದ.

“ಮಾತು ಹಳಸುತ್ತೆ. ಸದ್ದು ಹಳಸಲ್ಲ.”

ತನ್ನ ಈ ಮಾತು ನಿರ್ಮಾಪಕನಿಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಒಂದು ಪತ್ರಿಕೆಯ ಸಂದರ್ಶನದಲ್ಲೂ ಅದನ್ನೇ ಹೇಳಿದ್ದ.

ಕಪಾಟು ಮುಚ್ಚಿದ. “ಅಳಿಸಿಹೋಗಿದೆ ಅತ್ತಿಗೆ.”

“ತಾನಾಗೇ?”

ಹೌದೆನ್ನಬಹುದಿತ್ತು. “ಮೇಲೆ ಬೇರೆ ರೆಕಾರ್ಡ್ ಆಗಿದೆ,” ಎಂದ.

“ಬೇರೆ ಯಾವ್ದಾದ್ರೂ ಕೊಡಿ. ಮಗುಗಿನ್ನೂ ಐದು ತಿಂಗಳು. ಅಪ್ಪನ ಮಾತು ಅದಕ್ಕೆಲ್ಲಿ ನೆನಪಿರುತ್ತೆ? ಬರೀ ಹಲೋ ಅಂದಿದ್ರೂ ಸಾಕು.”

ಅವನು ಸದ್ದುಗಳ ಡಬ್ಬಿ ತೆಗೆದು ಟೇಪು ಏರಿಸಿದ.

ನಾಯಿ ಬೊಗಳಿತು. ಕುದುರೆ ಓಡಿತು. ನೀರು ಕುದಿಯಿತು. ರೆಕಾರ್ಡ್ ಮಾಡುವಾಗ ಪ್ರತಿ ಸದ್ದಿಗೂ ಮೊದಲು ಗಂಟಲು ಕೆಮ್ಮಿ, “ಹೂಂ, ತಗೋ” ಎನ್ನುತ್ತಿದ್ದ. ಅಷ್ಟನ್ನು ಬ್ಲೇಡಿನಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕುವುದು ನಿರ್ಮಾಪಕನ ರೂಢಿ. ಉಸಿರೂ ಉಳಿಯದ ಹಾಗೆ, ಅಚ್ಚುಕಟ್ಟಾಗಿ.

“ಇದ್ರಲ್ಲಿ ಅವ್ರೆಲ್ಲಿ?”

“ಎಲ್ಲಾ ಅವನೇ.”

ಅವಳು ಯಂತ್ರದ ಹತ್ತಿರ ಬಾಗಿ ಕೇಳಿದಳು. ಬಹಳ ಹೊತ್ತು.

“ಥೇಟ್ ನಾಯಿ ಥರಾನೇ ಇದೆ,” ಎಂದಳು.

ಆಮೇಲಿನದು ಬಾಗಿಲಿನ ಸದ್ದು. ಕಿರ್ರೆಂದು, ನಿಧಾನವಾಗಿ, ಪೂರ್ತಿ ತೆರೆದುಕೊಂಡಿತು. ಅವಳು ಥಟ್ಟನೆ ತಿರುಗಿ ಸ್ಟುಡಿಯೋದ ಬಾಗಿಲ ಕಡೆ ನೋಡಿದಳು. ಅದು ಹಾಕಿಯೇ ಇತ್ತು. ಟೇಪು ಖಾಲಿಯಾಗಿ ತಿರುಗುತ್ತಿತ್ತು. ಯಾರೋ ಒಳಗೆ ಬರುವವರಿದ್ದಾರೆಂಬಂತೆ ಅವಳು ಕತ್ತು ಹೊರಳಿಸದೆ ಕಾಯುತ್ತಿದ್ದಳು.

ಬಾಗಿಲು ಮುಚ್ಚುವ ಸದ್ದು ಇನ್ನೊಂದು ಡಬ್ಬಿಯಲ್ಲಿತ್ತು.