ಏಳು ಎಂಬ ಎಣಿಕೆ

"ಲಾಭ," ಎಂದು ಪಕೀರಪ್ಪ ಮೊದಲ ಸೇರು ನುಚ್ಚನ್ನು ಹಮಾಲನ ಚೀಲಕ್ಕೆ ಸುರಿದ. "ಎರಡೂ... ಮೂರೂ..."

ಅಳೆಯುವವನನ್ನು ನಡುವೆ ಮಾತಾಡಿಸಬಾರದು. ಆದೆಮ್ಮ ರಾಯಚೂರಿನಲ್ಲಿ ವಿರೂಪಣ್ಣನ ರೈಸ್ ಮಿಲ್ಲಿನ ಗೇಟಿನ ಬಳಿ ನಿಂತು ಕೈಗಡಿಯಾರ ನೋಡುತ್ತಿದ್ದಳು. ಪಕೀರಪ್ಪ ಒಂದು ಎನ್ನದೆ ಲಾಭ ಎಂದು ಶುರುಮಾಡಿ, ಪ್ರತಿ ಅಂಕಿಯನ್ನೂ ಎಳೆದು ಹಾಡಿ ಹತ್ತು ಮುಟ್ಟುವಾಗ ಹತ್ತೊಂಬತ್ತು ಸೆಕೆಂಡು ಆಗಿತ್ತು. ಇನ್ನೊಬ್ಬ ಹಮಾಲನ ಸರದಿ ಬಂತು. ಮತ್ತೆ ನೋಡಿದಳು. ಹತ್ತೊಂಬತ್ತೇ.

ಸಾಲು ಕರಗಿದ ಮೇಲೆ ಪಕೀರಪ್ಪ ಸೇರನ್ನು ಬೋರಲು ಹಾಕಿ ಬಂದ. ಅವಳ ಗುರುತು ಅವನಿಗೆ ಚೆನ್ನಾಗಿಯೇ ಇತ್ತು.

"ಬಸ್ಸಿಗೆ ಹೊತ್ತಾತೇನು ಯವ್ವಾ? ಗಡಿಯಾರ ನೋಡಾಕತ್ತಿದ್ದಿ."

"ನಿಮ್ಮ ಎಣಿಕಿ ಅಳಿಯಾಕತ್ತಿದ್ದೆ, ಕಾಕಾ."

"ಅಳಿಯೋನನ್ನಽ ಅಳಿಯಾಕ ಬಂದಿ ಅನ್ನು," ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ. ಅವನೂ ಬಿಟ್ಟ.

ವಿರೂಪಣ್ಣ ಎರಡು ಬೇಸಿಗೆಯಿಂದ ಬಾಕ್ಸಿಂಗ್ ಪಂದ್ಯ ನಡೆಸುತ್ತಿದ್ದ. ಸಿಕಂದರಾಬಾದಿನಲ್ಲಿ ಒಮ್ಮೆ ನೋಡಿ ಬಂದವನು, ಸುಗ್ಗಿ ಮುಗಿದು ಭತ್ತ ಒಣಗಿಸುವ ಕಟ್ಟೆಗಳು ಖಾಲಿಯಾದಾಗ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಹಗ್ಗ ಕಟ್ಟಿ ಟಿಕೆಟ್ ಇಟ್ಟ. ಆಡುವವರು ಹಮಾಲರು, ಕುರಿಗಾರರು, ಗರಡಿ ಬಿಟ್ಟ ಪೈಲ್ವಾನರು. ನಿಯಮ ತಿಳಿದವರು ಇರಲಿಲ್ಲ. ಬಿದ್ದವನಿಗೆ ಹತ್ತು ಎಣಿಸಬೇಕು ಎನ್ನುವುದೊಂದು ಗೊತ್ತಿತ್ತು. ಎಣಿಸಲು ದೊಡ್ಡ ಗಂಟಲಿನ ಪಕೀರಪ್ಪ ಇದ್ದ, ಅವನು ನುಚ್ಚು ಎಣಿಸಿದಂತೆಯೇ ಎಣಿಸಿದ. ಜನರೂ ಕಲಿತರು. ಆರರವರೆಗೆ ಉಸಿರು ಹಿಡಿದಿದ್ದು ಮುಂದಿನ ಅಂಕಿಯನ್ನು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು: ಏಳು. ಅದು ಅಂಕಿಯೂ ಹೌದು, ಅಪ್ಪಣೆಯೂ ಹೌದು. ಬಿದ್ದವರು ಏಳುತ್ತಿದ್ದರು.

ಹೋದ ವರ್ಷ ಮಾನ್ವಿಯಲ್ಲಿ ಅವಳ ಗಂಡ ಬೂದೆಪ್ಪ ಎದ್ದ. ಎದ್ದವನಿಗೆ ಜಿಲಾನಿ ಪಾಷಾ ಇನ್ನೊಂದು ಹೊಡೆದ. ಜಿಲಾನಿ ರಾಯಚೂರು ಸ್ಟೇಷನ್ನಿನ ಕೂಲಿ, ಬೂದೆಪ್ಪನ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ಬೂದೆಪ್ಪನ ತಲೆ ಸಿಮೆಂಟು ಕಟ್ಟೆಗೆ ಬಡಿಯಿತು. ಎಂಟು ದಿನಕ್ಕೆ ಹೋದ. ನಮ್ಮ ತಕರಾರಿಲ್ಲ ಎಂದು ಬರೆದ ಕಾಗದಕ್ಕೆ ಆದೆಮ್ಮ ಸಹಿ ಹಾಕಿದಳು. ಮನೆಯಲ್ಲಿ ಸಹಿ ಬರುತ್ತಿದ್ದುದು ಅವಳೊಬ್ಬಳಿಗೇ. ಸೋದರತ್ತೆಯ ಮಗನಾದ ಬೂದೆಪ್ಪನನ್ನು ಮದುವೆಯಾಗುವ ಮುಂಚೆ ಅವಳು ಧಾರವಾಡದಲ್ಲಿ ಎಂ.ಎ. ಮಾಡಿದ್ದಳು, ಈಗ ದೇವದುರ್ಗದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದಳು.

ಬರುವ ಭಾನುವಾರ ಇದೇ ಕಟ್ಟೆಯ ಮೇಲೆ ಅವಳ ಮೈದುನ ಕನಕರಾಯ ಅದೇ ಜಿಲಾನಿಯ ಎದುರು ನಿಲ್ಲುವವನಿದ್ದ.

"ಅವನು ನನ್ನ ಮಾತು ಕೇಳಂಗಿಲ್ಲ," ಎಂದಳು ಆದೆಮ್ಮ. "ಅದಕ್ಕ ನಿಮ್ಮ ಹತ್ರ ಬಂದೆ. ಹತ್ತು ಸೆಕೆಂಡಿನಾಗ ಹತ್ತು ಎಣಸ್ರಿ. ಇಲ್ಲಾಂದ್ರ ಏಳು ಅನಬ್ಯಾಡ್ರಿ. ಉರ್ದುದಾಗ ಎಣಸ್ರಿ, ತೆಲುಗಿನಾಗ ಎಣಸ್ರಿ."

ಪಕೀರಪ್ಪ ತಲೆಯ ಟವೆಲ್ಲು ಬಿಚ್ಚಿ ನುಚ್ಚಿನ ಧೂಳು ಕೊಡವಿದ.

"ಲಗೂ ಎಣಿಸಿದ್ರ ಲಗೂ ಏಳ್ತಾರ ಯವ್ವಾ. ಸಾತ್ ಅಂದ್ರೂ ಏಳ್ತಾರ. ಅದು ಎಣಿಕ್ಯಾಗಿಲ್ಲ. ಬಿದ್ದೋನಿಗಿ ಇನ್ನಾ ಹೊತ್ತದ ಅಂತ ಹೇಳ್ತೀವಲ್ಲ, ಅದರಾಗ ಅದ. ಕುಸ್ತಿ ನೋಡು. ಬೆನ್ನು ಮಣ್ಣು ಮುಟ್ಟಿತು, ಚಿತ್ ಆತು, ಮುಗೀತು. ಹಲಗಿ ಬಾರಿಸಿ ಮನಿಗಿ ಹೋಗೂದು. ಬಿದ್ದ ಪೈಲ್ವಾನಗ ಯಾರರ ಹತ್ತು ಎಣಿಸ್ಯಾರೇನು?"

ಆದೆಮ್ಮ ತಾನು ಷರತ್ತುಗಳನ್ನು ಬರೆದು ತಂದಿದ್ದ ಕಾಗದವನ್ನು ಚೀಲದಿಂದ ತೆಗೆದು, ಗೇಟಿನ ಕಂಬದ ಮೇಲಿಟ್ಟುಕೊಂಡು ಅಲ್ಲಿಯೇ ಒಂದು ಸಾಲು ಹೊಡೆದು ಇನ್ನೊಂದು ಬರೆದಳು.

ವಿರೂಪಣ್ಣ ಗಾದಿಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದಿದ. ಜೋಡಿ ಕಟ್ಟುವ ಮುಂಚೆ ಇಬ್ಬರನ್ನೂ ತೂಗಬೇಕು.

"ತೂಗೂಣು. ಕಾಟಾ ಹೆಂಗೂ ಅದ. ಚೀಲ ತೂಗಿದಂಗ ತೂಗೂಣು."

ತಾಡಪತ್ರಿಯ ಕೆಳಗೆ ಗೇಣು ದಪ್ಪ ಭತ್ತದ ಹೊಟ್ಟು ಹಾಸಬೇಕು.

"ರೈಸ್ ಮಿಲ್ಲಿನಾಗ ಹೊಟ್ಟಿಗೇನು ಬರ ಬಂದದ? ಹಾಸೂಣು."

ಹಗ್ಗದ ಪಕ್ಕ ಡಾಕ್ಟರು ಕೂರಬೇಕು.

"ಫುಕಟ್ ಟಿಕೀಟು ಅಂದ್ರ ಡಾಕ್ಟರಽ ಏನು, ಡಾಕ್ಟರ ಮಾವನೂ ಬರ್ತಾನ." ಮುಂದಿನ ಸಾಲಿಗೆ ಬಂದು ಅವನು ಕನ್ನಡಕ ತೆಗೆದ. ಅದನ್ನು ಗಟ್ಟಿಯಾಗಿ ಓದಲಿಲ್ಲ. ಬಿದ್ದವನಿಗೆ ಎಣಿಕೆ ಇಲ್ಲ, ಬಿದ್ದರೆ ಮುಗಿಯಿತು ಎಂದು ಅಲ್ಲಿ ಬರೆದಿತ್ತು.

"ಟೀಚರಮ್ಮ, ಜನ ಯಾತಕ ಬರ್ತಾರ ಗೊತ್ತೇನ್ರಿ? ಬೀಳೋದು ನೋಡಾಕಲ್ಲ. ಬೀಳೋದು ದಿನಾ ನೋಡ್ತಾರ. ಬಿದ್ದಾಂವ ಏಳೋದು ನೋಡಾಕ ಬರ್ತಾರ."

"ಎದ್ದಾಂವ ಆಮ್ಯಾಲ ಏನಾದ ಅಂತ ನೋಡಾಕ ನಮ್ಮ ಮನಿತನಕ ಯಾರೂ ಬರಲಿಲ್ರಿ."

ವಿರೂಪಣ್ಣ ಬಂದಿದ್ದ, ಮೂರನೆಯ ದಿನ, ಎರಡು ಚೀಲ ಅಕ್ಕಿ ಇಳಿಸಿಕೊಂಡು. ಅದನ್ನು ಅವನು ಹೇಳಲಿಲ್ಲ. ಕನ್ನಡಕವನ್ನು ಪಂಚೆಯ ಅಂಚಿಗೆ ಒರೆಸಿದ.

"ಹಂಗಾದ್ರ ಪಂದ್ಯಾನಽ ನಿಲ್ಲಸ್ರಿ ಅನ್ರಿ."

"ನಿಲ್ಲಿಸಿದ್ರ ಇವ್ರು ಇನ್ನೊಂದೂರಿಗಿ ಹೋಗಿ ಹೊಡದಾಡ್ತಾರ. ಅಲ್ಲಿ ಹೊಟ್ಟೂ ಇರಂಗಿಲ್ಲ. ನಡಸ್ರಿ. ಹಿಂಗ ನಡಸ್ರಿ."

"ಒಲ್ಲೆ ಅಂದ್ರ?"

"ಹೋದ ವರ್ಷ ತಕರಾರಿಲ್ಲ ಅಂತ ಬರದು ಕೊಟ್ಟೀನಿ. ಈ ವರ್ಷ ನೀವು ಪರವಾನಗಿ ಕೇಳೂದರೊಳಗ ಇನ್ನೊಂದು ಕಾಗದ ಬರದೇನು. ನನಗ ಬರಿಯಾಕ ಬರತದ."

ಬಾಗಿಲಲ್ಲಿ ನಿಂತಿದ್ದ ಪಕೀರಪ್ಪ ಕೆಮ್ಮಿದ. "ಮಾಲಕ್ರ, ನಾನಂತೂ ಈ ಸರ್ತಿ ಬಾಯಿ ಬಿಡಂಗಿಲ್ಲ. ಮದಲಽ ಹೇಳೀನಿ."

"ನೀನೂ ಎಂ.ಎ. ಮಾಡಿದೇನೋ," ಎಂದು ವಿರೂಪಣ್ಣ ಅವನನ್ನು ನೋಡಿದ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟ. "ಒಂದು ಜೋಡಿಗಿ. ನಿಮ್ಮ ಮೈದುನನ ಜೋಡಿಗಿ ಅಷ್ಟ. ಜನ ಕಲ್ಲು ತೂರಿದ್ರೋ, ಮುಂದ ಯಾವತ್ತೂ ಇಲ್ಲ. ಆವಾಗ ನೀವು ಬೇಕಾದ್ದು ಬರಕೋರಿ."

ಮಾತು ಅವಳಿಗಿಂತ ಮುಂಚೆ ದೇವದುರ್ಗ ಮುಟ್ಟಿತ್ತು. ಕನಕರಾಯ ಅಂಗಳದಲ್ಲಿ ನಿಂತೇ ಇದ್ದ.

"ಬಿದ್ರ ಮುಗೀತಂತ. ಕಾಲು ಜಾರಿ ಬಿದ್ರೂ ಮುಗೀತೇನು ಅತ್ತಿಗಿ?"

"ಜಾರಿದ್ದು ಯಾವುದು, ಹೊಡೆತ ಬಿದ್ದದ್ದು ಯಾವುದು ಅಂತ ಪಕೀರಪ್ಪಗ ಗೊತ್ತಾಗತದ."

"ಆ ಜಿಲಾನಿ ಎದುರಿಗಿ ನನ್ನ ಮರ್ಯಾದಿ ಕಳಿಯಾಕ ಹೋಗಿದ್ದೇನು ರಾಯಚೂರಿಗಿ? ನಮ್ಮಣ್ಣ ಬಿದ್ದಲ್ಲಿ ಬಿದ್ದಿರಲಿಲ್ಲ. ಎದ್ದ. ಇವತ್ತಿಗೂ ಸಂತ್ಯಾಗ ಹೇಳ್ತಾರ, ಬೂದೆಪ್ಪ ಎದ್ದ ಅಂತ."

"ಹೌದು. ಎದ್ದು ಎಂಟು ದಿನ ಇದ್ದ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಯಮನಮ್ಮನ ಕೈ ನಿಂತಿತು. ಕನಕರಾಯ ತಾಯಿಯ ಬೆನ್ನು ನೋಡಿದ, ದನಿ ತಗ್ಗಿಸಿದ.

"ಯವ್ವಾ, ನೀನರ ಹೇಳು ಆಕಿಗಿ."

"ನಾ ಏನು ಹೇಳಲೋ," ಎಂದಳು ಯಮನಮ್ಮ ತಿರುಗದೆ. "ಸಣ್ಣಾವ್ರಿದ್ದಾಗ ಇಬ್ರೂ ಬಿದ್ದಲ್ಲೇ ಅತಗೋತ ಕುಂದರ್ತಿದ್ರಿ, ನಾ ಬಂದು ಎತ್ತೂತನಕ. ಅದಽ ಛಲೋ ಇತ್ತು." ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು.

"ನಾ ಬೀಳಂಗಿಲ್ಲ," ಎಂದು ಕನಕರಾಯ ಚಪ್ಪಲಿ ಮೆಟ್ಟಿಕೊಂಡ.

"ಬೀಳಬ್ಯಾಡ," ಎಂದಳು ಆದೆಮ್ಮ.

ಭಾನುವಾರ ಮಧ್ಯಾಹ್ನ ಮೂರಕ್ಕೇ ಮಿಲ್ಲಿನ ಅಂಗಳ ತುಂಬಿತ್ತು. ತೂಕದ ಕಾಟಾ ಏರಿದವರನ್ನು ನೋಡಿ ಜನ ನಕ್ಕರು. "ಬಾರದಾನ ಚೀಲದ ತೂಕ ಕಳದು ತೂಗ್ರೋ," ಎಂದ ಒಬ್ಬ. "ಜಿಲಾನಿಗಿ ಲಗೇಜ್ ಚಾರ್ಜ್ ಹಾಕ್ರಿ," ಎಂದ ಇನ್ನೊಬ್ಬ. ಇಬ್ಬರ ನಡುವೆ ಎರಡು ಕಿಲೋ ಅಂತರ. ಡಾಕ್ಟರು ಬಂದಿರಲಿಲ್ಲ, ಟಿಕೆಟ್ಟನ್ನು ಕಾಂಪೌಂಡರ್ ಹನುಮಂತ್ರಾಯನಿಗೆ ಕೊಟ್ಟು ಕಳಿಸಿದ್ದರು. ಹೆಂಗಸರು ಯಾರೂ ಇರಲಿಲ್ಲ. ಆದೆಮ್ಮ ಹನುಮಂತ್ರಾಯನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಳು.

ಪಕೀರಪ್ಪ ಹಗ್ಗದ ಮಧ್ಯೆ ನಿಂತು ಹೊಸ ನಿಯಮ ಸಾರಿದ. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಳ್ಳೆ ಬಿತ್ತು. ಅದರ ಹಿಂದೆಯೇ ಒಂದು ಹರಿದ ಚಪ್ಪಲಿ ಬಂದು ಬಿತ್ತು. ವಿರೂಪಣ್ಣ ಗೋದಾಮಿನ ಮೆಟ್ಟಿಲ ಮೇಲೆ ನಿಂತು ಆದೆಮ್ಮನನ್ನು ನೋಡಿದ. ಚಪ್ಪಲಿಗೆ ತಾನು ಜವಾಬ್ದಾರಳಲ್ಲ ಎನ್ನುವಂತೆ ಅವಳು ಮುಂದೆ ನೋಡಿದಳು.

ಮೊದಲ ಸುತ್ತಿನಲ್ಲಿ ಕನಕರಾಯ ಚೆನ್ನಾಗಿ ಆಡಿದ. ಅಣ್ಣನಿಗಿಂತ ಚುರುಕು. ಜಿಲಾನಿ ಪಾಷಾ ತಲೆ ತಗ್ಗಿಸಿ, ಹೊರೆ ಹೊತ್ತವನ ಹಾಗೆ ಕುತ್ತಿಗೆ ಒಳಗೆಳೆದುಕೊಂಡು ಎಲ್ಲವನ್ನೂ ಭುಜದ ಮೇಲೆ ತೆಗೆದುಕೊಂಡ. ಎರಡನೆಯ ಸುತ್ತಿನಲ್ಲಿ ಹೊಟ್ಟಿನ ಹಾಸು ಕಾಲ ಕೆಳಗೆ ತಗ್ಗಾಗಿ ಇಬ್ಬರೂ ತಡವರಿಸಿದರು. ಮೂರನೆಯದರಲ್ಲಿ ಕನಕರಾಯ ಸಿಟ್ಟಿನಿಂದ ಎರಡೂ ಕೈ ಮುಂದೆ ಬಿಟ್ಟುಕೊಂಡು ನುಗ್ಗಿದ. ಜಿಲಾನಿಯ ಬಲಗೈ ಬಂದದ್ದು ಆದೆಮ್ಮನಿಗೆ ಕಾಣಲಿಲ್ಲ. ಮೈದುನನ ಮೊಣಕಾಲು ಮಡಚಿದ್ದು ಕಂಡಿತು. ಅವನು ಬೆನ್ನ ಮೇಲೆ ಬಿದ್ದ. ತಾಡಪತ್ರಿ ಧಬ್ ಎಂದಿತು, ಅಂಚುಗಳಿಂದ ಹೊಟ್ಟು ಹಾರಿತು.

ಪಕೀರಪ್ಪ ಎರಡೂ ಕೈ ಮೇಲೆತ್ತಿದ. ಬಾಯಿ ಬಿಡಲಿಲ್ಲ.

ಅಂಗಳದಲ್ಲಿ ಮೊದಲು ಸದ್ದಿರಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಪಕೀರಪ್ಪನದೇ ರಾಗದಲ್ಲಿ ಎಳೆದ. "ಲಾಭ..." ನಾಲ್ಕಾರು ಜನ ನಕ್ಕು ಸೇರಿಕೊಂಡರು. "ಎರಡೂ..." ಮೂರು ಎನ್ನುವಾಗ ನಗು ಇರಲಿಲ್ಲ. ಪಕೀರಪ್ಪ ಕೈ ಬೀಸಿ ಬೇಡ ಬೇಡ ಎಂದ. ಅವನು ಕಲಿಸಿದ ಎಣಿಕೆ ಅವನ ಮಾತು ಕೇಳಲಿಲ್ಲ. ಆರು ಆಗುವಾಗ ಕನಕರಾಯ ಕಣ್ಣು ಬಿಟ್ಟ. ಆದೆಮ್ಮ ಸ್ಟೂಲಿನಿಂದ ಎದ್ದಳು. ಅವಳ ಬಾಯಲ್ಲಿ ಮಾತಿತ್ತು, ಆ ಗದ್ದಲದಲ್ಲಿ ಅದು ಅವಳಿಗೇ ಕೇಳಲಿಲ್ಲ.

ಅಂಗಳವೆಲ್ಲ ಒಂದೇ ಗಂಟಲಾಗಿ ಏಳು ಎಂದಿತು.

ಕನಕರಾಯ ಮಗ್ಗುಲಾಗಿ, ಒಂದು ಮೊಣಕಾಲೂರಿ, ಎದ್ದ. ಎದ್ದು ಮುಷ್ಟಿ ಮುಖದ ಮುಂದೆ ಹಿಡಿದು ತಿರುಗಿದ. ಎದುರಿಗೆ ಯಾರೂ ಇರಲಿಲ್ಲ.

ಜಿಲಾನಿ ಹಗ್ಗದ ಬಳಿ ಹೋಗಿ ಎರಡೂ ಕೈಗಳನ್ನು ಪಕೀರಪ್ಪನ ಮುಂದೆ ಚಾಚಿದ್ದ. ಪಕೀರಪ್ಪ ಗ್ಲೌಸಿನ ದಾರದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ.

"ಲೇ ಪಾಷಾ," ಎಂದು ಮುಂದಿನ ಸಾಲಿನವನೊಬ್ಬ ಕೂಗಿದ. "ಎದ್ದಾನಲ್ಲೋ ಅಂವ. ಅಂಜಿದೇನು?"

"ಬೋಜಾ ಇಳಿಸೀನಿ," ಎಂದ ಜಿಲಾನಿ. "ಇಳಿಸಿದ್ದನ್ನ ಮತ್ತ ಹೊರಸ್ತೀರೇನು? ಎರಡು ಕೂಲಿ ಕೊಡ್ತೀರೇನ್ರಿ ಸ್ಟೇಷನ್ನಿನಾಗ? ಒಂದಕ್ಕಽ ಜಗಳಾ ತೆಗೀತೀರಿ."

ಹತ್ತಿರದವರು ನಕ್ಕರು. ಹಿಂದಿನವರು ಏನಂದ ಏನಂದ ಎಂದು ಕೇಳಿ, ತಿಳಿದು, ಅವರೂ ನಕ್ಕರು. ಕನಕರಾಯ "ಬಾರೋ, ಬಾ," ಎಂದು ಒದರುತ್ತಿದ್ದ. ಗ್ಲೌಸು ಬಿಚ್ಚಿದ ಮೇಲೆ ಜಿಲಾನಿ ಬರಿಗೈ ಒರೆಸಿಕೊಂಡು ಹಗ್ಗದ ಕೆಳಗೆ ತೂರಿ ಹೊರಗೆ ಬಂದ. ಆದೆಮ್ಮನ ಎದುರಿನಿಂದಲೇ ಹಾದುಹೋಗಬೇಕಿತ್ತು. ಅವನು ನಿಂತ. ಹಣೆಗೆ ಕೈ ಮುಟ್ಟಿಸಿ ಹೋದ. ಅವಳೂ ತಲೆ ಬಾಗಿಸಿದಳು. ಒಂದು ವರ್ಷದಿಂದ ಅವನ ಮುಖ ಹೇಗಿರಬಹುದು ಎಂದು ಅವಳು ಯೋಚಿಸಿರಲಿಲ್ಲ. ಸಣ್ಣ ವಯಸ್ಸು, ಕಿವಿ ಎರಡೂ ಜಜ್ಜಿದ್ದವು.

ಇನ್ನೂ ನಾಲ್ಕು ಜೋಡಿ ಬಾಕಿ ಇದ್ದವು. ವಿರೂಪಣ್ಣ ಮೆಟ್ಟಿಲಿಳಿದು ಬಂದು ಜೇಬಿನಿಂದ ಮಡಿಕೆ ಮಾಡಿದ ಕಾಗದ ತೆಗೆದು ಪಕೀರಪ್ಪನ ಕೈಗಿಟ್ಟ.

"ನನಗ ಓದಾಕ ಬರಂಗಿಲ್ಲ ಮಾಲಕ್ರ."

"ಬಾಯಿ ಮುಚಗೊಂಡಿರು ಅಂತ ಬರದದ. ಮುಂದಿನ ಜೋಡಿ ಕರಿ."

ಹನುಮಂತ್ರಾಯ ಕನಕರಾಯನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದ. "ಈಗೇನೂ ಕಾಣಂಗಿಲ್ಲ," ಎಂದು ಆದೆಮ್ಮನಿಗೆ ಹೇಳಿದ. "ಆದ್ರೂ ಇವತ್ತು ಮಾತಾಡಿಸ್ಕೋತ ಇರ್ರಿ. ಎಲ್ಲದೀನಿ, ಯಾವೂರು ಅಂತ ಗೊತ್ತದೋ ಇಲ್ಲೋ ಕೇಳ್ರಿ. ತಪ್ಪು ಹೇಳಿದ್ನೋ, ತಿರುಗಿ ಕರಕೊಂಡು ಬರ್ರಿ."

ಐದು ಗಂಟೆಯ ಬಸ್ಸಿನಲ್ಲಿ ಕನಕರಾಯ ಅವಳ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕುಳಿತ. ಕಲ್ಮಲಾದಲ್ಲಿ ಬಸ್ಸು ನಿಂತಾಗ ಆದೆಮ್ಮ ಮುಂದೆ ಬಾಗಿದಳು.

"ಇದ್ಯಾವೂರು ಕನಕ?"

ಅವನು ಕಿಟಕಿಯತ್ತ ಮುಖ ತಿರುಗಿಸಿದ.

"ಯಾವೂರಿದು?"

"ಕಲ್ಮಲಾ. ಎಂ.ಎ. ಓದೀದಿ, ಬೋರ್ಡು ಓದಾಕ ಬರಂಗಿಲ್ಲೇನು?"

ಅವಳು ಹಿಂದೆ ಒರಗಿದಳು. ಗಬ್ಬೂರು ಬಂದಾಗ ಮತ್ತೆ ಕೇಳಿದಳು.

"ಗಬ್ಬೂರು. ಮುಂದ ದೇವದುರ್ಗ. ಅದರ ಮುಂದಿಂದೂ ಹೇಳ್ಲೇನು? ನಾಳಿಯಿಂದ ನಿನ್ನ ಮಾರಿ ನೋಡಂಗಿಲ್ಲ ನಾನು."

"ನೋಡಬ್ಯಾಡ."

ಗಬ್ಬೂರು ದಾಟಿದ ಮೇಲೆ ಕುರಿಯ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಡ್ರೈವರು ಎಂಜಿನ್ ಆರಿಸಿದ. ಹೊತ್ತು ಇಳಿದಿತ್ತು. ಕುರಿಗಳು ಬಸ್ಸಿನ ಎರಡೂ ಮಗ್ಗುಲಿಗೆ ಒಡೆದು, ತಗಡಿಗೆ ಮೈ ಉಜ್ಜುತ್ತ ಹರಿದವು. ಕನಕರಾಯ ಕಿಟಕಿಯ ಸರಳು ಹಿಡಿದು ಹೊರಗೆ ಬಾಗಿದ. ಆದೆಮ್ಮ ಇನ್ನೂ ಏನೂ ಕೇಳಿರಲಿಲ್ಲ.

"ಸಿದ್ದರಾಮಪ್ಪನ ಹಿಂಡು," ಎಂದ ಅವನು, ಯಾರಿಗೋ ಎಂಬಂತೆ. "ಅಗೋ, ಆ ಕುಂಟ ಟಗರು ನೋಡು. ಹೆಂಗ ಎಲ್ಲಾವ್ಕಿಂತ ಮುಂದ ಹೊಂಟದ."

ಅವಳು ತನ್ನ ಕಿಟಕಿಯಿಂದ ಬಾಗಿ ನೋಡಿದಳು.